ಎಣಿಕೆಗೆ ಬಾರದವಳು

ಶಿವಮೊಗ್ಗ ಭದ್ರಾವತಿಗಳ ನಡುವಣ ಹೆದ್ದಾರಿಯಲ್ಲಿ ಮಾಚೇನಹಳ್ಳಿಯ ಬಳಿ ಬಸ್ಸಿಳಿದು ಸ್ವಲ್ಪ ಒಳಗೆ ಸರಿದರೆ ಅಡಿಕೆಯ ತೋಟಗಳು ಸಿಗುತ್ತವೆ. ಫಸಲು ಇನ್ನೂ ಹಸಿರು ಗೊನೆಯಲ್ಲಿರುವಾಗಲೇ ಚೇಣಿ ಹಿಡಿಯುವವರು ತೋಟಕ್ಕೆ ಬರುತ್ತಾರೆ. ಕೊರಳನ್ನು ಹಿಂದಕ್ಕೆ ಬಾಗಿಸಿ ಗೊನೆಗಳನ್ನು ನೋಡುತ್ತ, ಸಾಲಿನಿಂದ ಸಾಲಿಗೆ ನಡೆಯುತ್ತ, ಕೊನೆಗೆ ಇಷ್ಟು ಕ್ವಿಂಟಾಲ್ ಎಂದು ಒಂದು ಅಂಕಿ ಹೇಳುತ್ತಾರೆ. ಆ ಒಂದು ಅಂಕಿಯ ಮೇಲೆ ಎರಡು ಸಂಸಾರಗಳ ವರ್ಷದ ಲೆಕ್ಕ ನಿಲ್ಲುತ್ತದೆ. ವಯಸ್ಸಾದ ಒಬ್ಬ ಚೇಣಿದಾರರನ್ನು ನಾನೊಮ್ಮೆ ಕೇಳಿದೆ: ‘ಇಷ್ಟು ಮರಗಳಲ್ಲಿ ಯಾವುದನ್ನು ನೋಡಿ ಅಂದಾಜು ಕಟ್ಟುತ್ತೀರಿ?’ ಅವರು ನಕ್ಕರು. ‘ಬಾವಿ ಪಕ್ಕದ ಮರ ಎಲ್ಲರ ತೋಟದಲ್ಲೂ ಚೆನ್ನಾಗೇ ಇರುತ್ತೆ, ಮೇಷ್ಟ್ರೇ. ಅದನ್ನ ನೋಡಿ ಬೆಲೆ ಕಟ್ಟಿದವನು ಕೆಟ್ಟ. ನಾನು ಬೇಲಿ ಪಕ್ಕದ ಮರ ನೋಡ್ತೀನಿ.’

ಇಂದಿನ ನನ್ನ ವಿಷಯ ಅಡಿಕೆಯಲ್ಲ. ಕಾಲೇಜು ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್. ಅದರಲ್ಲಿಯೂ, ಯಾರೂ ನಿರೀಕ್ಷಿಸದ ಸ್ಪರ್ಧಿಯನ್ನು ಮುಂಚಿತವಾಗಿ ಗುರುತಿಸಲು ಬರುತ್ತದೆಯೇ ಎಂಬ ಪ್ರಶ್ನೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಈ ಆಟಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ನನ್ನ ಮಗಳು ಅಳಿಯ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿದ್ದಾರೆ. ಅಲ್ಲಿ ಬೆಳೆದ ಮೊಮ್ಮಗಳಿಗೆ ಈ ಆಟದ ಹುಚ್ಚು. ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಅಲ್ಲಿಯ ವಿಶ್ವವಿದ್ಯಾನಿಲಯಗಳ ಹುಡುಗಿಯರ ಪಂದ್ಯಗಳು ನಡೆಯುತ್ತವೆ. ಫೋನಿನಲ್ಲಿ ನನ್ನ ಮಂಡಿನೋವನ್ನು ವಿಚಾರಿಸಿಯಾದ ಮೇಲೆ ಅವಳ ಮುಂದಿನ ಪ್ರಶ್ನೆ ಒಂದೇ: ‘ತಾತ, ಈ ಸಲ ಯಾರು ಗೆಲ್ಲುತ್ತಾರೆ, ಹೇಳಿ.’ ಇಬ್ಬರೂ ಒಂದೊಂದು ಚೀಟಿಯಲ್ಲಿ ಹೆಸರು ಬರೆದಿಡುತ್ತೇವೆ. ಸೋತವರು ಗೆದ್ದವರಿಗೆ ಒಂದು ಡಬ್ಬಿ ಕೋಡುಬಳೆ ಕೊಡಬೇಕೆಂಬುದು ಕರಾರು. ಸೋತವನು ಹೆಚ್ಚು ಸಲ ನಾನೇ ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳಬೇಕು. ಹೆಂಗಸರಿಗೆ ನಾಲ್ಕು ಅಂಗಗಳು: ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ನೆಗೆತ, ಒಂದು ಎತ್ತರದಲ್ಲಿ, ಒಂದು ತಗ್ಗಿನಲ್ಲಿ ಇರುವ ಜೋಡಿ ಕಂಬಿಗಳು, ತೊಲೆ, ನೆಲದಾಟ. ಇವುಗಳಲ್ಲಿ ತೊಲೆಯೆಂಬುದು 5 ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ, ಅಗಲ ಮಾತ್ರ ಬರಿಯ 10 ಸೆಂಟಿಮೀಟರ್. ನಮ್ಮ ಅಂಗೈಗಿಂತ ತುಸುವೇ ಹೆಚ್ಚು. ಅದರ ಮೇಲೆ ಹುಡುಗಿ ಹಿಂಲಾಗ ಹಾಕಿ ಅದೇ ಮರದ ಮೇಲೆ ಪಾದ ಊರಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಹತ್ತಕ್ಕೆ ಹತ್ತು ಎಂಬ ಹಳೆಯ ಲೆಕ್ಕ 2006ರಲ್ಲಿ ಹೋಯಿತು. ಅಮೆರಿಕದ ಕಾಲೇಜುಗಳು ಅದನ್ನು ಇನ್ನೂ ಉಳಿಸಿಕೊಂಡಿವೆ. ಒಂದೊಂದು ಅಂಗದಲ್ಲಿ ತಂಡದ ಆರು ಹುಡುಗಿಯರು ಆಡುತ್ತಾರೆ. ಮೇಲಿನ ಐವರ ಅಂಕಗಳನ್ನು ಮಾತ್ರ ಕೂಡುತ್ತಾರೆ. ಆರನೆಯವಳದು ಎಣಿಕೆಗೆ ಬಾರದು. ಹೀಗೆ ನಾಲ್ಕು ಅಂಗಗಳಲ್ಲಿ ಐದೈದು ಹತ್ತುಗಳು ಸೇರಿ ತಂಡದ ಪರಮಾವಧಿ 200. ಬಿದ್ದರೆ ಅರ್ಧ ಅಂಕ ಹೋಯಿತು. ಒಬ್ಬಳು ಬಿದ್ದರೆ ಆ ಅಂಕವನ್ನು ಬಿಟ್ಟುಬಿಡಬಹುದು. ಇಬ್ಬರು ಬಿದ್ದರೆ ಎರಡನೆಯ ಬೀಳು ಲೆಕ್ಕಕ್ಕೆ ಸೇರಿಯೇ ಸೇರುತ್ತದೆ.

ಈ ಪಂದ್ಯಾವಳಿ ಅಲ್ಲಿಯ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯ ಆಶ್ರಯದಲ್ಲಿ ಮೊದಲಾದದ್ದು 1982ರಲ್ಲಿ. ಅಲ್ಲಿಂದ 2019ರವರೆಗೆ ಪ್ರಶಸ್ತಿ ಆರೇ ಆರು ವಿಶ್ವವಿದ್ಯಾನಿಲಯಗಳ ನಡುವೆ ಕೈ ಬದಲಾಯಿಸಿತು: ಯೂಟಾ, ಜಾರ್ಜಿಯಾ, ಅಲಬಾಮಾ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಓಕ್ಲಹೋಮಾ. ಸಾಂಕ್ರಾಮಿಕದಿಂದಾಗಿ 2020ರಲ್ಲಿ ಪಂದ್ಯ ನಡೆಯಲಿಲ್ಲ. 2021ರಲ್ಲಿ ನಾನು ಚೀಟಿಯಲ್ಲಿ ಓಕ್ಲಹೋಮಾ ಎಂದು ಬರೆದೆ. ಮೊಮ್ಮಗಳು ಮಿಷಿಗನ್ ಎಂದು ಬರೆದಳು. ಊರಭಿಮಾನವೆಂದು ನಾನು ನಕ್ಕೆ. ಅಂತಿಮ ಪಂದ್ಯದಲ್ಲಿ ಮಿಷಿಗನ್ 198.2500, ಓಕ್ಲಹೋಮಾ 198.1625. ಅಂತರ 0.0875. ನೆಲಕ್ಕಿಳಿಯುವಾಗ ಒಬ್ಬಳ ಪಾದ ಒಂದು ಸಣ್ಣ ಹೆಜ್ಜೆ ಸರಿದರೆ ಕಳೆಯುವ ಅಂಕಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

‘ಎಂಥ ಆಶ್ಚರ್ಯ!’ ಎಂದೆ. ‘ಆಶ್ಚರ್ಯ ನಿಮಗೆ, ತಾತ. ನೀವು ಗೆದ್ದವರ ಹಳೆಯ ಪಟ್ಟಿ ನೋಡಿದಿರಿ. ನಾನು ಈ ವರ್ಷದ ಅಂಕ ನೋಡಿದೆ’ ಎಂದಳು. ಕೋಡುಬಳೆಗಿಂತ ಆ ಮಾತು ನನಗೆ ಹೆಚ್ಚು ದುಬಾರಿಯಾಯಿತು. ಮಿಷಿಗನ್ ತಂಡ ಆ ಋತುವಿನುದ್ದಕ್ಕೂ ಚೆನ್ನಾಗಿಯೇ ಆಡಿತ್ತು. ಕಣ್ಣೆದುರಿಗಿದ್ದುದನ್ನು ಕಾಣದಂತೆ ನನ್ನನ್ನು ತಡೆದದ್ದು ಮೂವತ್ತೆಂಟು ವರ್ಷಗಳ ಆರು ಹೆಸರುಗಳು. ಅನಿರೀಕ್ಷಿತವೆಂದು ನಾವು ಕರೆಯುವುದರಲ್ಲಿ ಅರ್ಧಪಾಲು ಹೀಗೆ ನಮ್ಮ ಸೋಮಾರಿತನವೇ ಆಗಿರುತ್ತದೆ.

ಅನಂತರ ಅವಳು ನನಗೆ ಅಂಕಪಟ್ಟಿ ಓದುವುದನ್ನು ಕಲಿಸಿದಳು. ತಂಡಗಳ ಶ್ರೇಣಿ ಕಟ್ಟಲು ಅಲ್ಲಿಯವರು ಒಂದು ಕ್ರಮವನ್ನು ಅನುಸರಿಸುತ್ತಾರೆ. ಋತುವಿನಲ್ಲಿ ತಂಡ ಗಳಿಸಿದ ಆರು ಉತ್ತಮ ಮೊತ್ತಗಳನ್ನು ತೆಗೆದುಕೊಳ್ಳುತ್ತಾರೆ. ಅವುಗಳಲ್ಲಿ ಕನಿಷ್ಠ ಮೂರಾದರೂ ತಮ್ಮ ಊರಿನ ಹೊರಗೆ ಗಳಿಸಿದವಾಗಿರಬೇಕು. ಆಮೇಲೆ ಆ ಆರರಲ್ಲಿ ಎಲ್ಲಕ್ಕಿಂತ ಹೆಚ್ಚಿನದನ್ನು ಹೊಡೆದುಹಾಕಿ ಉಳಿದ ಐದರ ಸರಾಸರಿ ತೆಗೆಯುತ್ತಾರೆ. ಅತ್ಯುತ್ತಮ ದಿನವನ್ನೇ ಕಳೆದುಬಿಡುವ ಈ ಲೆಕ್ಕ ಮೊದಲಿಗೆ ನನಗೆ ವಿಚಿತ್ರವಾಗಿ ಕಂಡಿತು. ಆಮೇಲೆ ಚೇಣಿದಾರರ ನೆನಪಾಯಿತು. ಬಾವಿಯ ಪಕ್ಕದ ಮರವನ್ನು ಬಿಟ್ಟು ನೋಡು ಎಂದು ಅವರೂ ಹೇಳಿದ್ದು ಇದನ್ನೇ. ತಮ್ಮೂರಿನಲ್ಲಿ, ತಮ್ಮವರ ಚಪ್ಪಾಳೆಯ ನಡುವೆ, ಒಂದು ಶುಭದಿನ ಯಾರು ಬೇಕಾದರೂ ಮಿಂಚಬಹುದು. ಪರಸ್ಥಳದಲ್ಲಿ, ಅಪರಿಚಿತ ತೊಲೆಯ ಮೇಲೆ, ಸಾಧಾರಣ ದಿನದಂದು ಎಷ್ಟು ಆಡುತ್ತಾರೆ ಎಂಬುದೇ ತಂಡದ ನಿಜವಾದ ತೂಕ.

ಆದುದರಿಂದ ಎಲೆಯ ಮರೆಯಲ್ಲಿರುವ ತಂಡವನ್ನು ಹುಡುಕುವವರು ಅದರ ತಾರೆಯನ್ನು ನೋಡುವುದಿಲ್ಲ. ಐದನೆಯವಳನ್ನೂ ಆರನೆಯವಳನ್ನೂ ನೋಡುತ್ತಾರೆ. ಮೊದಲನೆಯವಳಿಗೆ 9.95 ಬಂದು ಐದನೆಯವಳಿಗೆ 9.70 ಬರುವ ತಂಡಕ್ಕಿಂತ, ಆರು ಮಂದಿಗೂ 9.85ರ ಆಸುಪಾಸು ಬರುವ ತಂಡ ಹೆಚ್ಚು ಅಪಾಯಕಾರಿ. ಕಳೆದ ವರ್ಷ ಗಾಯದಿಂದ ಹೊರಗೆ ಕುಳಿತವರು ಯಾರು, ಈ ವರ್ಷ ಮರಳಿದವರು ಯಾರು ಎಂದು ವಿಚಾರಿಸುತ್ತಾರೆ. ಆರನೆಯವಳ ಅಂಕ ಕಾಗದದ ಮೇಲೆ ಎಣಿಕೆಗೆ ಬಾರದಿರಬಹುದು. ಆದರೆ ಅವಳು ನಿಲ್ಲುತ್ತಾಳೆಂಬ ಭರವಸೆಯಿದ್ದರೆ ತಾನೆ ಉಳಿದ ಐವರು ಧೈರ್ಯವಾಗಿ ಹಾರುವುದು?

ಹೀಗೆಲ್ಲ ಲೆಕ್ಕ ಕಲಿತ ಮೇಲೆ ನಾನು ಗೆಲ್ಲತೊಡಗಿದೆನೆಂದು ಭಾವಿಸಬೇಡಿ. 2024ರಲ್ಲಿ ಲೆಕ್ಕವೆಲ್ಲ ಓಕ್ಲಹೋಮಾದ ಕಡೆಗಿತ್ತು. ಶ್ರೇಣಿಯಲ್ಲಿ ಅದೇ ಮೊದಲು. ಉಪಾಂತ್ಯ ಪಂದ್ಯದ ನೆಗೆತದಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿ ಬಿದ್ದು ಆ ತಂಡ ಅಂತಿಮ ನಾಲ್ಕನ್ನೇ ಸೇರಲಿಲ್ಲ. ಲೂಸಿಯಾನಾ ರಾಜ್ಯ ವಿಶ್ವವಿದ್ಯಾನಿಲಯ ತನ್ನ ಮೊದಲ ಪ್ರಶಸ್ತಿಯನ್ನು ಪಡೆಯಿತು. ಎಂದೂ ಅಂತಿಮ ನಾಲ್ಕರಲ್ಲಿ ಕಾಣದಿದ್ದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ಎರಡನೆಯದಾಯಿತು. ಮರುವರ್ಷ, 2025ರಲ್ಲಿ, ಅದೇ ಲೂಸಿಯಾನಾ ಉಪಾಂತ್ಯದಲ್ಲಿ ಉಳಿದುಬಿಟ್ಟಿತು. ಪ್ರಶಸ್ತಿ ಓಕ್ಲಹೋಮಾಕ್ಕೆ ಮರಳಿತು. ಆ ವರ್ಷ ಮೊದಲ ಬಾರಿಗೆ ಅಂತಿಮ ನಾಲ್ಕನ್ನು ಸೇರಿ ಮೂರನೆಯ ಸ್ಥಾನ ಪಡೆದದ್ದು ಮಿಸೌರಿ. ಆ ತಂಡದ ಹೆಲೆನ್ ಹು ಎಂಬ ಹುಡುಗಿಯ ಕಥೆ ನನಗೆ ಬಹಳ ಇಷ್ಟ. ಅವಳು ಆಟ ಸಾಕೆಂದು ಬಿಟ್ಟು, ಬೆನ್ನಿಗೊಂದು ಚೀಲ ಹಾಕಿಕೊಂಡು ದೇಶ ಸುತ್ತಲು ಹೋಗಿದ್ದವಳು. ಒಂದು ವರ್ಷದ ಮೇಲೆ ಮನಸ್ಸು ಬದಲಾಗಿ ಮರಳಿ ಬಂದಳು. ಬಂದವಳು ತೊಲೆಯ ಮೇಲೆ ರಾಷ್ಟ್ರದ ಚಾಂಪಿಯನ್ ಆದಳು. ಹಿಂದಿನ ವರ್ಷದ ಯಾವ ಪಟ್ಟಿಯಲ್ಲಿಯೂ ಅವಳ ಅಂಕ ಇರಲಿಲ್ಲ. ಇರುವುದಕ್ಕೆ ಅವಳು ಆಡಿಯೇ ಇರಲಿಲ್ಲವಲ್ಲ!

ಇಂಥವರನ್ನು ಇಂಗ್ಲಿಷಿನವರು ‘ಕಪ್ಪು ಕುದುರೆ’ ಎನ್ನುತ್ತಾರೆ. ಡಿಸ್ರೇಲಿಯ 1831ರ ಒಂದು ಕಾದಂಬರಿಯ ಕುದುರೆಪಂದ್ಯದಲ್ಲಿ ಈ ಮಾತು ಬರುತ್ತದೆ. ಅದು ಜೂಜುಗಾರನ ಮಾತು. ಯಾರೂ ಪಣ ಕಟ್ಟದ ಕುದುರೆ ಎಲ್ಲಿಂದಲೋ ಬಂದು ಗೆದ್ದಿತು. ಅದು ಎಲ್ಲಿತ್ತು, ಏನು ತಿನ್ನುತ್ತಿತ್ತು ಎಂಬುದು ಪಣ ಕಟ್ಟುವವನಿಗೆ ಬೇಕಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಮಾತಿದೆ: ಎಲೆಮರೆಯ ಕಾಯಿ. ಇದು ತೋಟ ಮಾಡಿದವನ ಮಾತು. ಕಾಯಿ ಎಲ್ಲಿಂದಲೋ ಬಂದದ್ದಲ್ಲ. ಬಿಸಿಲು ಮಳೆಗಳಲ್ಲಿ ಅಲ್ಲಿಯೇ ಬೆಳೆಯುತ್ತಿತ್ತು. ನಮ್ಮ ಕಣ್ಣಿಗೂ ಅದಕ್ಕೂ ನಡುವೆ ಒಂದು ಎಲೆ ಇತ್ತು, ಅಷ್ಟೆ.

ನಮ್ಮ ದೇಶದಲ್ಲಿಯೇ ಇದಕ್ಕೆ ದೊಡ್ಡ ನಿದರ್ಶನ ಅಗರ್ತಲಾದ ದೀಪಾ ಕರ್ಮಾಕರ್. ಚಪ್ಪಟೆ ಪಾದದ ಹುಡುಗಿ. ಹಾರಿ ಇಳಿಯುವ ಆಟಕ್ಕೆ ಅಂಥ ಪಾದ ದೊಡ್ಡ ಅಡ್ಡಿ. ತರಬೇತುದಾರ ಬಿಶ್ವೇಶ್ವರ ನಂದಿಯವರು ವರ್ಷಗಟ್ಟಲೆ ಆ ಪಾದವನ್ನು ತಿದ್ದಿದರು. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದಾಗ, 1964ರ ನಂತರ ಅಲ್ಲಿಯ ಜಿಮ್ನಾಸ್ಟಿಕ್ಸ್ ಅಂಗಣಕ್ಕೆ ಇಳಿದ ಮೊದಲ ಭಾರತೀಯ ಸ್ಪರ್ಧಿ ಅವಳು, ಮಹಿಳೆಯರಲ್ಲಂತೂ ಮೊತ್ತಮೊದಲನೆಯವಳು. ನೆಗೆತದ ಅಂತಿಮ ಸುತ್ತಿಗೆ ಎಂಟು ಮಂದಿಗೆ ಅವಕಾಶ. ಅವಳು ಎಂಟನೆಯವಳಾಗಿ ಒಳಹೊಕ್ಕಳು. ಪ್ರೊಡುನೋವಾ ಎಂಬ ನೆಗೆತವನ್ನು, ಎಂದರೆ ಮೇಜಿಗೆ ಕೈಯೂರಿ ಗಾಳಿಯಲ್ಲಿ ಎರಡು ಮುಂಲಾಗ ಹಾಕುವ, ತಪ್ಪಿದರೆ ಕತ್ತಿಗೇ ಅಪಾಯವಿರುವ ನೆಗೆತವನ್ನು ಹಾರಿ 15.066 ಅಂಕ ಗಳಿಸಿ ನಾಲ್ಕನೆಯವಳಾದಳು. ಕಂಚು ಸಿಕ್ಕಿದ್ದು 15.216ಕ್ಕೆ. ಹಿಂದಿರುಗಿದವಳು ಎಂ.ಎ. ಪರೀಕ್ಷೆಗೆ ಕುಳಿತಳು. ಅನಂತರ ಮಂಡಿಯ ಶಸ್ತ್ರಚಿಕಿತ್ಸೆ, ನಿಷೇಧಿತ ವಸ್ತುವಿನ ಪರೀಕ್ಷೆಯಲ್ಲಿ ಸಿಕ್ಕಿ 21 ತಿಂಗಳ ಅಮಾನತು. ಅವಳ ಕಥೆ ಮುಗಿಯಿತೆಂದು ಎಲ್ಲರೂ ಬರೆದರು. 2024ರ ಮೇ ತಿಂಗಳಲ್ಲಿ, ಮೂವತ್ತು ವರ್ಷದ ದೀಪಾ ತಾಷ್ಕೆಂಟಿನಲ್ಲಿ ಏಷ್ಯಾ ಚಾಂಪಿಯನ್‌ಷಿಪ್ಪಿನ ನೆಗೆತದಲ್ಲಿ ಚಿನ್ನ ಗೆದ್ದಳು. ಭಾರತಕ್ಕೆ ಆ ಪಂದ್ಯಾವಳಿಯ ಮೊದಲ ಚಿನ್ನ. ಅದೇ ವರ್ಷ ಅಕ್ಟೋಬರಿನಲ್ಲಿ ತಾನಾಗಿ ವಿದಾಯ ಹೇಳಿದಳು.

ನಮ್ಮ ಭದ್ರಾವತಿಯವರಿಗೆ ಇನ್ನೊಂದು ಉದಾಹರಣೆ ಹೇಳದಿದ್ದರೆ ನೀವು ನನ್ನನ್ನು ಕ್ಷಮಿಸಲಾರಿರಿ. ಈ ಊರಿನಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯ ಆಡಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಸೊನ್ನೆಯ ಸಂಜೆ ಅವರ ಭವಿಷ್ಯ ಬರೆಯಲು ಕುಳಿತವರು ಏನು ಬರೆದಿರಬಹುದು, ಊಹಿಸಿ. ಅದೃಷ್ಟವಶಾತ್ ಕ್ರಿಕೆಟ್ಟಿನಲ್ಲಿ ಎರಡನೆಯ ಇನಿಂಗ್ಸ್ ಎಂಬುದೊಂದಿದೆ.

ಈ ಎರಡನೆಯ ಇನಿಂಗ್ಸಿನ ವಿಚಾರವಾಗಿಯೇ ನಾನು ಇಂದು ಮಾತಾಡಲು ಒಪ್ಪಿಕೊಂಡದ್ದು. ಮೊಮ್ಮಗಳ ಜೊತೆಗಿನ ಆಟದಲ್ಲಿ ನನ್ನ ಭವಿಷ್ಯವಾಣಿ ಸುಳ್ಳಾದರೆ ಒಂದು ಡಬ್ಬಿ ಕೋಡುಬಳೆ ಹೋಗುತ್ತದೆ. ಹಿಂದೊಮ್ಮೆ ನಾನು ನುಡಿದ ಒಂದು ಭವಿಷ್ಯ ಸುಳ್ಳಾಗುವುದಕ್ಕೆ ಅವಕಾಶವೇ ಸಿಗಲಿಲ್ಲ.

1980ರ ದಶಕದ ಮೊದಲ ವರ್ಷಗಳು. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಒಂದು ಸಣ್ಣ ಜಿಮ್ನಾಸ್ಟಿಕ್ಸ್ ತಂಡ ಕಟ್ಟುವ ಉತ್ಸಾಹ ಹುಟ್ಟಿತು. ಬಡಗಿಯೊಬ್ಬರು ಮಾಡಿಕೊಟ್ಟ ಮರದ ತೊಲೆ, ತೆಂಗಿನ ನಾರಿನ ಹಾಸು, ಇಷ್ಟೇ ಸಲಕರಣೆ. ‘ಹೆಣ್ಣುಮಕ್ಕಳಿಗೆ ಈ ದೊಂಬರಾಟ ಯಾಕೆ?’ ಎಂದು ಹಿರಿಯರು ಕೆಲವರು ಕೇಳಿದರು. ಜಾತ್ರೆಯಲ್ಲಿ ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿಗೆ ಬಾಯಿ ತೆರೆದು ಕಾಸು ಹಾಕುವವರು, ತಮ್ಮ ಮಗಳು ತೊಲೆ ಹತ್ತಿದರೆ ಮುಖ ಸಿಂಡರಿಸುತ್ತಿದ್ದ ಕಾಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲರ ಕಂಬದ ಸಾಧನೆಯ ಪ್ರಸ್ತಾಪವಿದೆಯೆಂದು ನಾನು ಸಭೆಯಲ್ಲಿ ಭಾಷಣ ಮಾಡಿದೆ. ಅದು ಗಂಡಸರ ಮಾತು ಎಂದು ಒಬ್ಬರು ಅಲ್ಲಿಯೇ ಉತ್ತರ ಕೊಟ್ಟರು. ಅಂತೂ ತಂಡಕ್ಕೆ ನಾಲ್ವರನ್ನು ಆರಿಸುವ ದಿನ ಬಂದಿತು. ಆರಿಸುವ ಮೂವರಲ್ಲಿ ನಾನೂ ಒಬ್ಬ. ಆಟ ತಿಳಿಯದಿದ್ದರೂ ನ್ಯಾಯ ತಿಳಿದವನೆಂದು ನನ್ನನ್ನು ಕೂರಿಸಿದ್ದರು.

ಐವರು ಹುಡುಗಿಯರು ಬಂದಿದ್ದರು. ನಾಲ್ವರು ತೊಲೆಯ ಮೇಲೆ ಜೋಪಾನವಾಗಿ ನಡೆದು, ತಿರುಗಿ, ಒಂಟಿ ಕಾಲಿನಲ್ಲಿ ನಿಂತು ಇಳಿದರು. ಐದನೆಯವಳು ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅವಳು ತೊಲೆಯ ಮೇಲೆ ಹಿಂದಕ್ಕೆ ಬಾಗಿ, ಕೈಯೂರಿ, ಕಾಲುಗಳನ್ನು ತಲೆಯ ಮೇಲಿಂದ ತಂದು ನಿಲ್ಲಲು ಯತ್ನಿಸಿದಳು. ಬಿದ್ದಳು. ಎದ್ದು ಲಂಗದ ಧೂಳು ಕೊಡವಿಕೊಂಡು ಮತ್ತೆ ಹತ್ತಿದಳು. ಮತ್ತೆ ಬಿದ್ದಳು. ಮೂರನೆಯ ಸಲ ತೊಲೆಯ ಮೇಲೆ ಕೈಯಿಟ್ಟಾಗ ನಾನು ಕೈಗಡಿಯಾರ ನೋಡಿ ‘ಸಾಕಮ್ಮ’ ಎಂದೆ. ಕಾಗದದ ಮೇಲೆ ಅವಳ ಹೆಸರಿನ ಮುಂದೆ ಬರೆದದ್ದು ಈಗಲೂ ನೆನಪಿದೆ: ‘ಬೀಳುತ್ತಾಳೆ.’ ಉಳಿದ ನಾಲ್ವರು ಸುಲಭವಾದುದನ್ನು ಮಾಡಿ ನಿಂತಿದ್ದರು, ಇವಳು ಕಷ್ಟವಾದುದನ್ನು ಮಾಡಲು ಹೋಗಿ ಬಿದ್ದಿದ್ದಳು ಎಂಬ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಮುಂದಿನ ಜೂನಿನಲ್ಲಿ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಮದುವೆಯಾಯಿತೆಂದು ಯಾರೋ ಹೇಳಿದರು. ತಂಡವೂ ಒಂದೆರಡು ವರ್ಷದಲ್ಲಿ ನಿಂತುಹೋಯಿತು.

ಕೆಲವು ವರ್ಷಗಳ ಹಿಂದೆ ಮಾಚೇನಹಳ್ಳಿಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರು ಬಂದು ‘ಗುರುತು ಸಿಕ್ಕಿತೇ, ಸಾರ್?’ ಎಂದರು. ಸಿಗಲಿಲ್ಲ. ಹೆಸರು ಹೇಳಿದಾಗ ಸಿಕ್ಕಿತು. ಮಕ್ಕಳು, ಮೊಮ್ಮಕ್ಕಳು, ಮಳೆ, ತೋಟ ಎಲ್ಲ ಮಾತಾಡಿದೆವು. ಬಸ್ಸು ದೂರದಲ್ಲಿ ಕಾಣಿಸಿದಾಗ ಅವರು, ಯಾವ ಕಹಿಯೂ ಇಲ್ಲದೆ, ನಿನ್ನೆ ನಡೆದದ್ದನ್ನು ಹೇಳುವಂತೆ ಹೇಳಿದರು: ‘ಆವತ್ತು ಮೂರನೇ ಸಲ ಹತ್ತಿದ್ದರೆ ನಿಲ್ತಿದ್ದೆ, ಸಾರ್. ಎಲ್ಲಿ ತಪ್ತಾ ಇದೆ ಅಂತ ಎರಡನೇ ಸಲ ಬಿದ್ದಾಗಲೇ ಗೊತ್ತಾಗಿತ್ತು.’ ಬಸ್ಸು ಬಂದಿತು. ಅವರು ಹತ್ತಿಕೊಂಡರು. ಅದು ನಾನು ಹತ್ತಬೇಕಾದ ಬಸ್ಸೂ ಆಗಿತ್ತು. ನಾನು ಮುಂದಿನದಕ್ಕೆ ಕಾದೆ.

ಅವರು ನಿಲ್ಲುತ್ತಿದ್ದರೋ ಇಲ್ಲವೋ, ನನಗೆ ತಿಳಿಯದು. ಮೂರನೆಯ ಸಲವೂ ಬೀಳಬಹುದಾಗಿತ್ತು. ದೀಪಾಳಾಗುತ್ತಿದ್ದರೆಂದು ಹೇಳುವಷ್ಟು ಭಾವುಕ ನಾನಲ್ಲ. ಆದರೆ ಅದನ್ನು ತಿಳಿಯಲು ಇದ್ದ ದಾರಿ ಒಂದೇ, ಆ ದಾರಿಯನ್ನು ಮುಚ್ಚಿದವನು ನಾನು. ಅಮೆರಿಕದ ಆ ಹುಡುಗಿಯರ ಬಗ್ಗೆ ಪಂಡಿತರು ಏನೇ ಬರೆಯಲಿ, ಏಪ್ರಿಲ್ ತಿಂಗಳಲ್ಲಿ ಅವರು ತೊಲೆ ಹತ್ತಿಯೇ ಹತ್ತುತ್ತಾರೆ. ಬರೆದದ್ದು ಸರಿಯೋ ತಪ್ಪೋ ಅಲ್ಲಿ ಇತ್ಯರ್ಥವಾಗುತ್ತದೆ. ನಮ್ಮಲ್ಲಿ ಅನೇಕ ವೇಳೆ ಭವಿಷ್ಯ ಹೇಳುವವರೂ ತೊಲೆಯ ಬಾಗಿಲಿಗೆ ಬೀಗ ಹಾಕುವವರೂ ಒಬ್ಬರೇ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎನ್ನುವ ಗಾದೆಯನ್ನು ನಾವು ಬಹಳ ಬೇಗ ನಂಬುತ್ತೇವೆ. ಮೊಳಕೆಯನ್ನು ನೋಡಿ ತೀರ್ಪು ಕೊಟ್ಟ ಮೇಲೆ ನೀರು ಹಾಕುವುದನ್ನು ನಿಲ್ಲಿಸಿದರೆ ಆ ತೀರ್ಪು ನಿಜವಾಗದೆ ಏನು ಮಾಡೀತು? ನೀರು ನಿಲ್ಲಿಸಿದವನಿಗೆ ತಾನು ದೂರದೃಷ್ಟಿಯುಳ್ಳವನೆಂಬ ಹೆಮ್ಮೆಯೂ ಉಳಿಯುತ್ತದೆ.

ನನ್ನ ಮಾತನ್ನು ಕೇಳುತ್ತಿರುವವರಲ್ಲಿ ಶಾಲೆ ಕಾಲೇಜುಗಳ ಅಧ್ಯಾಪಕರು ಇದ್ದೀರಿ. ಆಟಕ್ಕೋ ನಾಟಕಕ್ಕೋ ಚರ್ಚಾಸ್ಪರ್ಧೆಗೋ ಮಕ್ಕಳನ್ನು ಆರಿಸುವ ಕೆಲಸ ನಿಮಗೆ ಬರುತ್ತದೆ. ಆರಿಸದೆ ವಿಧಿಯಿಲ್ಲ, ಆರಿಸಿರಿ. ಆದರೆ ಐವರ ಅಂಕ ಕೂಡುವ ಆಟದಲ್ಲಿಯೂ ಆರು ಮಂದಿಯನ್ನು ಆಡಿಸುತ್ತಾರೆಂಬುದನ್ನು ನೆನಪಿಡಿ. ಬಿದ್ದವಳು ಏನು ಮಾಡಲು ಹೋಗಿ ಬಿದ್ದಳು ಎಂದು ಒಮ್ಮೆ ಕೇಳಿ. ಅವಳು ಮತ್ತೊಮ್ಮೆ ತೊಲೆಯ ಮೇಲೆ ಕೈಯಿಟ್ಟರೆ, ಗಡಿಯಾರ ನೋಡಬೇಡಿ.

ಈ ಸಲದ ಚೀಟಿಯಲ್ಲಿ ಯಾರ ಹೆಸರು ಬರೆಯಬೇಕೆಂದು ನಾನಿನ್ನೂ ನಿಶ್ಚಯಿಸಿಲ್ಲ. ಏನೇ ಬರೆದರೂ ಆ ಹುಡುಗಿಯರು ಅದನ್ನು ಸುಳ್ಳು ಮಾಡಬಲ್ಲರೆಂಬ ನೆಮ್ಮದಿ ನನಗಿದೆ. ಕೋಡುಬಳೆಗೆ ಮಾತ್ರ ಹಿಟ್ಟು ಬೀಸಿಸಿ ಇಟ್ಟಿದ್ದೇನೆ.